ಬೆಂಗಳೂರು ಸೀಮೆಯ ಮನೆದೋಟದಲ್ಲಿ ಗುಲಾಬಿ: ಒಂದು ಚಾರಿತ್ರಿಕ ವಿವೇಚನೆ

ಗುಲಾಬಿಯು ಆಂಗ್ಲರ ಬಂಗಲೆಗಳೊಡನೆ ನಮ್ಮ ಸೀಮೆಗೆ ಬಂದ ಹೂವು ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬಲವಾಗಿ ಬೇರೂರಿದೆ. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ಸ್ಥಾಪಿತವಾದ ಮೇಲೆ ಅಲ್ಲಿನ ಅಧಿಕಾರಿಗಳು ತಮ್ಮ ಮನೆಗಳ ಸುತ್ತ ತೋಟಗಳನ್ನು ಹಾಕಿಸಿಕೊಂಡರೆಂಬುದೂ, ಸುಮಾರು ಮೂರು ಸಾವಿರ ಅಡಿ ಎತ್ತರದ ಈ ಪ್ರಸ್ಥಭೂಮಿಯ ಹವೆ ಅವರು ತಂದ ಗಿಡಗಳಿಗೆ ಒಗ್ಗಿತೆಂಬುದೂ ನಿಜವೇ. ಆದರೆ ಅದಕ್ಕೆ ಒಂಬತ್ತು ವರ್ಷ ಮೊದಲು, 1800ರ ಮೇ ತಿಂಗಳಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನು ಸಂಚರಿಸುತ್ತಿದ್ದ ವೈದ್ಯ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ತೋಟಗಳನ್ನು ನೋಡಿದನು. ಚೌಕಚೌಕವಾದ ಮಡಿಗಳು, ಅವುಗಳ ನಡುವೆ ಕಾಲುದಾರಿ, ದಾರಿಯ ಇಕ್ಕೆಲಗಳಲ್ಲಿ ಸೈಪ್ರೆಸ್ ಮರಗಳು. ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ಮಡಿ. ಒಂದು ಮಡಿಯ ತುಂಬ ದಾಳಿಂಬೆಯಾದರೆ ಮತ್ತೊಂದರ ತುಂಬ ಗುಲಾಬಿ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಈ ಮಾತು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ನಮ್ಮ ವಿಷಯಕ್ಕೆ ಅದೇ ಮುಖ್ಯವಾದ ಆಧಾರ.

ಸುಲ್ತಾನನ ಮಡಿಯಲ್ಲಿದ್ದ ಹೂವು ಸಾಮಾನ್ಯ ಗೃಹಸ್ಥನ ಹಿತ್ತಲಿಗೆ ಬಂದದ್ದು ಹೇಗೆ, ಅಲ್ಲಿ ಅದನ್ನು ಸಾಕಿದ ವಿಧಾನವೇನು, ಆ ವಿಧಾನ ಕಾಲಕಾಲಕ್ಕೆ ಏಕೆ ಬದಲಾಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ. ಕ್ಷೇತ್ರವನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳಿಗೂ, ಅವುಗಳಿಂದ ಎಂದೂ ಬೇರೆಯಾಗಿ ನೋಡಲಾಗದ ಬೆಂಗಳೂರು ನಗರಕ್ಕೂ ಸೀಮಿತಗೊಳಿಸಿಕೊಂಡಿದ್ದೇವೆ. ಗ್ರಾಮಾಂತರ ಜಿಲ್ಲೆ ಪ್ರತ್ಯೇಕವಾದದ್ದು 1986ರಲ್ಲಿ. ಗಿಡಗಳಿಗೆ ಆ ಗಡಿ ಗೊತ್ತಿಲ್ಲ.

ಇನ್ನೂ ಹಿಂದಕ್ಕೆ ಹೋಗಬಹುದಲ್ಲವೇ ಎಂದು ವಾಚಕರು ಕೇಳಬಹುದು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿನ ಪೇಟೆಗಳಲ್ಲಿ ಗುಲಾಬಿಯ ಮಾರಾಟವನ್ನು ಕಂಡುದಾಗಿಯೂ, ಆ ಜನಕ್ಕೆ ಅದು ಅನ್ನದಷ್ಟೇ ಆವಶ್ಯಕವೆಂದೂ ಹೇಳಿರುವನೆಂಬುದು ನಮ್ಮ ಪಠ್ಯಪುಸ್ತಕಗಳಲ್ಲೆಲ್ಲ ಬರುವ ಮಾತು. ಇದನ್ನು ಆಧಾರವಾಗಿ ಹಿಡಿಯಲು ನಾವು ಹಿಂಜರಿಯುತ್ತೇವೆ. ಪಾರಸಿಯಲ್ಲಿ ‘ಗುಲ್’ ಎಂದರೆ ಗುಲಾಬಿಯೂ ಹೌದು, ಹೂವೆಂಬ ಸಾಮಾನ್ಯಾರ್ಥವೂ ಹೌದು. ಮುಡಿಗೆ, ಪೂಜೆಗೆ, ಶುಭಕಾರ್ಯಕ್ಕೆ ಹೂವಿಲ್ಲದೆ ದಿನ ಕಳೆಯದ ಜನವನ್ನು ನೋಡಿ ಪರದೇಶದವನೊಬ್ಬ ಬರೆದ ಮಾತು ಮಲ್ಲಿಗೆಗೂ ಸಂಪಿಗೆಗೂ ಅಷ್ಟೇ ಸಲ್ಲುತ್ತದೆ. ಅನುವಾದದಿಂದ ಅನುವಾದಕ್ಕೆ ಸಾಗುವಾಗ ಹೂವೆಲ್ಲ ಗುಲಾಬಿಯಾಗಿರುವ ಸಂಭವವುಂಟು.

‘ಗುಲಾಬಿ’ ಎಂಬ ಪದವೇ ಇದಕ್ಕಿಂತ ಒಳ್ಳೆಯ ಸಾಕ್ಷಿ. ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಎರಡೂ ಸೇರಿದ ಗುಲಾಬ್ ಎಂಬುದು ಮೂಲತಃ ಗಿಡದ ಹೆಸರಲ್ಲ, ಹೂವಿನಿಂದ ಬಟ್ಟಿಯಿಳಿಸಿದ ನೀರಿನ ಹೆಸರು. ನೀರಿನ ಹೆಸರು ಹೂವಿಗೆ ಬಂದಿದೆ. ಎಂದರೆ, ಕುಪ್ಪಿಯಲ್ಲಿ ಬಂದ ಪದಾರ್ಥವನ್ನು ಜನ ಮೊದಲು ಕಂಡರು, ಗಿಡವನ್ನು ಅನಂತರ ಕಂಡರು ಎಂದು ಊಹಿಸಲು ಅವಕಾಶವಿದೆ. ಈ ಅರ್ಥಾಂತರ ನಡೆದದ್ದು ಉತ್ತರದ ಭಾಷೆಗಳಲ್ಲಿ, ಕನ್ನಡದಲ್ಲಿ ಅಲ್ಲ, ಎಂಬ ಆಕ್ಷೇಪಣೆಯನ್ನೂ ಒಪ್ಪಬೇಕು. ಆದರೂ ನಮ್ಮ ಮದುವೆಮನೆಗಳ ಬಾಗಿಲಲ್ಲಿ ಪನ್ನೀರುದಾನಿಯನ್ನು ಹಿಡಿದು ಅತಿಥಿಗಳ ಮೇಲೆ ಚಿಮುಕಿಸುತ್ತಿದ್ದವರೆಲ್ಲರ ಹಿತ್ತಲಲ್ಲಿಯೂ ಗುಲಾಬಿ ಇತ್ತೆಂದು ಹೇಳುವಂತಿಲ್ಲ. ನಡುಗನ್ನಡ ಕಾವ್ಯಗಳಲ್ಲಿ ಕಾಣುವ ‘ಪನ್ನೀರು’ ಕೂಡ ತಂಪಾದ, ಪರಿಮಳದ ನೀರು ಎಂಬಷ್ಟನ್ನೇ ಹೇಳುತ್ತದೆ. ಅದು ಗುಲಾಬಿಯದೇ ಎಂಬ ನಿರ್ಬಂಧವಿಲ್ಲ.

ಹಾಗಾದರೆ ಗಿಡ ನಮ್ಮ ಸೀಮೆಗೆ ಯಾವ ದಾರಿಯಿಂದ ಬಂದಿರಬೇಕು? 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಬೆಂಗಳೂರನ್ನು ಹಿಡಿದ ಮೇಲೆ ಬೆಂಗಳೂರು, ಹೊಸಕೋಟೆ, ದೊಡ್ಡಬಳ್ಳಾಪುರ, ಕೋಲಾರ, ಶಿರಾ ಇವು ಷಾಹಜಿಯ ಜಹಗೀರಿಗೆ ಸೇರಿದವು. 1687ರಲ್ಲಿ ಮೊಗಲರು ಶಿರಾದಲ್ಲಿ ಸುಭಾ ಸ್ಥಾಪಿಸಿದಾಗ ಅದರ ಏಳು ಪರಗಣಗಳಲ್ಲಿ ದೊಡ್ಡಬಳ್ಳಾಪುರವೂ ಹೊಸಕೋಟೆಯೂ ಎರಡು. ಶಿರಾದ ನವಾಬ ದಿಲಾವರಖಾನನ ಅರಮನೆಯನ್ನೂ ಅಲ್ಲಿನ ಖಾನ್‌ಬಾಗ್ ತೋಟವನ್ನೂ ನೋಡಿಯೇ ಹೈದರನು ತನ್ನ ಅರಮನೆಗಳಿಗೂ ಲಾಲ್‌ಬಾಗಿಗೂ ಮಾದರಿಯನ್ನು ಪಡೆದನೆಂಬ ಹೇಳಿಕೆ ಹಳೆಯ ಗೆಜೆಟಿಯರುಗಳಲ್ಲಿದೆ. ಹೈದರನ ತಂದೆ ಫತೇಮಹಮ್ಮದನು ಶಿರಾದ ಸೇವೆಯಲ್ಲಿದ್ದವನು. ಹೈದರನ ಬಾಲ್ಯದ ಕಷ್ಟದ ದಿನಗಳು ಕಳೆದದ್ದು ದೊಡ್ಡಬಳ್ಳಾಪುರದಲ್ಲಿ. ಅವನು ಸೈನಿಕನಾಗಿ ಮೊದಲು ಹೆಸರು ಪಡೆದದ್ದು 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ. ಸುಮಾರು 1760ರಲ್ಲಿ ಅವನು ಬೆಂಗಳೂರಿನಲ್ಲಿ ತೋಟ ಹಾಕಿಸುವಾಗ ಕಣ್ಣಮುಂದಿದ್ದ ಚಿತ್ರ ದೂರದ ದಿಲ್ಲಿಯದಾಗಿರದೆ ಈ ನೆರೆಯ ಠಾಣ್ಯಗಳದಾಗಿತ್ತೆಂಬುದು ನಮ್ಮ ಮತ. ಗುಲಾಬಿಯ ಮಡಿ ಆ ಚಿತ್ರದ ಒಂದು ಭಾಗ. ಇದು ಸಿದ್ಧಾಂತವಲ್ಲ, ಊಹೆ. ಆದರೆ ಬಂಗಲೆಯ ಕಥೆಗಿಂತ ಇದಕ್ಕೆ ಆಧಾರ ಹೆಚ್ಚು.

ಒಂದು ಜಾತಿಗೆ ಒಂದು ಮಡಿ ಎಂಬ ಕ್ರಮವನ್ನು ಬುಕಾನನ್ ಮುಸಲ್ಮಾನರ ಪದ್ಧತಿ ಎಂದು ಕರೆದಿದ್ದಾನೆ. ನಮ್ಮ ಹಿತ್ತಲಿನ ಕ್ರಮ ಇದಕ್ಕೆ ತೀರ ವಿರುದ್ಧ. ಹಿತ್ತಲಲ್ಲಿ ಬಾಳೆ, ಕರಿಬೇವು, ತುಳಸಿ, ಕನಕಾಂಬರ, ಸೊಪ್ಪಿನ ಪಾತಿ ಎಲ್ಲವೂ ಒಂದರೊಡನೊಂದು ಬೆರೆತು, ಬಚ್ಚಲಿನ ನೀರು ಹರಿದಷ್ಟು ದೂರ ಬೆಳೆಯುತ್ತವೆ. ಮಡಿಯ ಗುಲಾಬಿಗೆ ಆಳು, ಬಾವಿ, ಕಪಿಲೆ, ಏತ ಎಲ್ಲವೂ ಬೇಕು. ಹಿತ್ತಲ ಗುಲಾಬಿ ಮನೆಯವರ ಕೈಬಿಡುವಿನಲ್ಲಿ ಬದುಕಬೇಕು. ಎರಡರ ನಡುವೆ ಸೇತುವೆಯಾಗಿದ್ದವರು ತೋಟದ ಕೆಲಸವನ್ನೇ ಕುಲವೃತ್ತಿಯಾಗಿ ಮಾಡಿಕೊಂಡಿದ್ದ ತಿಗಳರು. ಇವರು ಹೈದರನ ಕಾಲದಲ್ಲಿ ತಮಿಳುಸೀಮೆಯಿಂದ ಬಂದವರೆಂದು ಕೆಲವರೂ, ಅದಕ್ಕಿಂತ ಪೂರ್ವದಲ್ಲೇ ನೆಲೆಸಿದ್ದವರೆಂದು ಕೆಲವರೂ ಹೇಳುತ್ತಾರೆ. ಆ ಚರ್ಚೆ ಇಲ್ಲಿ ಬೇಡ. ಬೆಂಗಳೂರು ಪೇಟೆಯ ಧರ್ಮರಾಯನ ಗುಡಿಯ ಕರಗದಿಂದ ಪ್ರಸಿದ್ಧರಾದ ಇವರ ಒಕ್ಕಲುಗಳು ಲಾಲ್‌ಬಾಗಿನ ಸುತ್ತಲೂ, ಹೊಸಕೋಟೆಯ ಕಡೆಯೂ ಹರಡಿರುವುದು ನಮಗೆ ಸಾಕು. ಅರಸನ ತೋಟದಲ್ಲಿ ಸವರಿ ಬಿಸಾಡಿದ ಕಡ್ಡಿ ತೋಟಗಾರನ ಮನೆಯ ಬಳಿ ಚಿಗುರಿದರೆ ಅದನ್ನು ಯಾವ ದಫ್ತರವೂ ದಾಖಲುಮಾಡುವುದಿಲ್ಲ.

ಕಡ್ಡಿಯ ಮಾತು ಬಂತು. ಗುಲಾಬಿಯ ಆರೈಕೆಯ ಚರಿತ್ರೆಯಲ್ಲಿ ಇದು ಮುಖ್ಯವಾದ ವಿಷಯವಾದ್ದರಿಂದ ಸ್ವಲ್ಪ ವಿಸ್ತರಿಸುತ್ತೇವೆ. ನಮ್ಮ ಮನೆದೋಟಗಳಲ್ಲಿ ಮೂರು ಬಗೆಯ ಗುಲಾಬಿಗಳು ಒಂದರ ಹಿಂದೊಂದು ಬಂದಿವೆ. ಮೊದಲನೆಯದು ಪನ್ನೀರು ಗುಲಾಬಿ, ಎಂದರೆ ಡಮಾಸ್ಕಸ್ಸಿನ ಹೆಸರು ಹೊತ್ತ ಗುಲಾಬಿ. ತಿಳಿಗೆಂಪು, ಸಡಿಲವಾದ ಎಸಳು, ಗಾಢವಾದ ಪರಿಮಳ. ಎರಡನೆಯದು ಪೇಟೆಯಲ್ಲಿ ‘ಎಡ್ವರ್ಡ್’ ಎಂದು ಕರೆಯುವ ನಸುಗೆಂಪು ಹೂವು. ಇದನ್ನು ಏಳನೆಯ ಎಡ್ವರ್ಡ್ ದೊರೆಯ ಸ್ಮಾರಕವೆಂದು ಭಾವಿಸುವವರುಂಟು. ಅದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹಿಂದೂಸಾಗರದ ಬೂರ್ಬೋನ್ ದ್ವೀಪದಲ್ಲಿ, ಎಂದರೆ ಇಂದಿನ ರೆಯುನಿಯನ್‌ನಲ್ಲಿ, ಚೀನಾ ಗುಲಾಬಿಯೂ ಡಮಾಸ್ಕಸ್ ಗುಲಾಬಿಯೂ ಬೆರೆತು ಹುಟ್ಟಿದ ‘ರೋಸ್ ಎದುವಾರ್’ ಎಂಬುದೇ ನಮ್ಮವರ ಬಾಯಲ್ಲಿ ಎಡ್ವರ್ಡ್ ಆಗಿದೆ. ಪನ್ನೀರು ಗುಲಾಬಿಯೆಂದು ಇಂದು ಮಾರುವ ಗಿಡಗಳಲ್ಲಿ ಎಷ್ಟೋ ಈ ಎಡ್ವರ್ಡೇ ಆಗಿರುತ್ತವೆ. ಮೂರನೆಯದು ಕಸಿಮಾಡಿದ ವಿಲಾಯಿತಿ ಗುಲಾಬಿ. 1867ರಲ್ಲಿ ಫ್ರಾನ್ಸಿನ ಗಿಯೋ ಎಂಬವನು ‘ಲಾ ಫ್ರಾನ್ಸ್’ ಎಂಬ ತಳಿಯನ್ನು ಹೊರತಂದಲ್ಲಿಂದ ಹೈಬ್ರಿಡ್ ಟೀ ಎಂಬ ವರ್ಗ ಆರಂಭವಾಯಿತೆಂದು ಹೇಳುವುದು ವಾಡಿಕೆ. ಉದ್ದ ತೊಟ್ಟು, ಬಟ್ಟಲಿನಂಥ ಮೊಗ್ಗು ಇದರ ಲಕ್ಷಣ. ಈ ಯುರೋಪಿಯನ್ ತಳಿಗಳಿಗೆ ವರ್ಷದಲ್ಲಿ ಹಲವು ಸಲ ಹೂಬಿಡುವ ಗುಣ ಬಂದದ್ದು ಚೀನಾ ಗುಲಾಬಿಯಿಂದ. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಆ ಗಿಡಗಳು ಕಲ್ಕತ್ತೆಯ ಮೂಲಕ ಹಡಗೇರಿದ್ದರಿಂದ ಯುರೋಪಿನಲ್ಲಿ ಅವಕ್ಕೆ ‘ಬಂಗಾಳದ ಗುಲಾಬಿ’ ಎಂಬ ಹೆಸರೇ ಬಿದ್ದಿತ್ತು. ಹೀಗಿರುವಾಗ ಯಾವ ಗುಲಾಬಿ ಯಾರದು ಎಂಬ ಪ್ರಶ್ನೆಗೆ ನೇರವಾದ ಉತ್ತರ ಕಷ್ಟ.

ಮೊದಲಿನ ಎರಡನ್ನೂ ಕಡ್ಡಿಯಿಂದ ಬೆಳೆಸಬಹುದು. ಪೆನ್ಸಿಲಿನ ದಪ್ಪದ, ಬಲಿತ, ಒಂದು ಗೇಣುದ್ದದ ಕಡ್ಡಿಯನ್ನು ಮಳೆಗಾಲದ ಆದಿಯಲ್ಲಿ ನೆರಳಿನಲ್ಲಿ ಊರಿ, ಮೇಲ್ತುದಿಗೆ ಸೆಗಣಿ ಮೆತ್ತುವುದು ಹಳ್ಳಿಯ ಪದ್ಧತಿ. ಈ ಸೆಗಣಿಯ ಉಪಚಾರ ಬಹು ಪ್ರಾಚೀನವಾದುದು. ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಭಾಗದಲ್ಲಿ ಕಡ್ಡಿಯಿಂದ ನೆಡುವ ಗಿಡಗಳಿಗೆ ಸೆಗಣಿಯ ಲೇಪವನ್ನು ಹೇಳಿದೆ. ಕನ್ನಡದಲ್ಲಿ ಕ್ರಿ. ಶ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರಂ’ ಗ್ರಂಥದಲ್ಲಿಯೂ ವೃಕ್ಷಾಯುರ್ವೇದಕ್ಕೆ ಒಂದು ಅಧಿಕಾರ ಮೀಸಲಾಗಿದೆ. ಹೊಸ ಗಿಡ ಬಂದಾಗ ನಮ್ಮವರು ಅದಕ್ಕೆ ಹೊಸ ಶಾಸ್ತ್ರವನ್ನು ಹುಡುಕಲಿಲ್ಲ. ದಾಳಿಂಬೆಗೆ, ದ್ರಾಕ್ಷಿಗೆ ಮಾಡುತ್ತಿದ್ದುದನ್ನೇ ಗುಲಾಬಿಗೂ ಮಾಡಿದರು. 1885ರಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಂದ ಹೊರಟ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮಿಶ್ರಣ ಮುಂದೆ ಈ ಸೆಗಣಿಯ ಸ್ಥಾನವನ್ನು ಸವರಿದ ಕೊಂಬೆಯ ತುದಿಯಲ್ಲಿ ಆಕ್ರಮಿಸಿತು. ತುದಿಯಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತ ಬರುವ ರೋಗಕ್ಕೆ ಅದು ಹೆಚ್ಚು ಸಮರ್ಥವೆಂಬುದನ್ನು ಒಪ್ಪಲೇಬೇಕು.

ಕಡ್ಡಿಯಿಂದ ಬರುವ ಗಿಡಕ್ಕೆ ಬೆಲೆಯಿಲ್ಲ. ನೆಂಟರ ಮನೆಗೆ ಹೋದವರು ಒದ್ದೆಬಟ್ಟೆಯಲ್ಲಿ ಸುತ್ತಿ ತಂದರೆ ಆಯಿತು. ತವರಿನಿಂದ ಬಂದ ಗಿಡ, ಅತ್ತೆಯವರ ಕಾಲದ ಗಿಡ ಎಂದು ಹಳ್ಳಿಗಳಲ್ಲಿ ಹೆಂಗಸರು ಹೇಳುವುದನ್ನು ನಾವು ಕೇಳಿದ್ದೇವೆ. ಕಸಿಯ ಗಿಡದ ಸ್ವಭಾವ ಬೇರೆ. ಅದರಲ್ಲಿ ಬೇರು ಒಂದು ಜಾತಿಯದು, ಮೇಲಿನ ಕೊಂಬೆ ಇನ್ನೊಂದರದು. ಕಾಡುಜಾತಿಯ ಗಟ್ಟಿಬೇರಿನ ಗಿಡದ ತೊಗಟೆಯನ್ನು ‘ಟಿ’ ಆಕಾರದಲ್ಲಿ ಸೀಳಿ, ಬೇಕಾದ ತಳಿಯ ಒಂದು ಕಣ್ಣನ್ನು ಅದರೊಳಕ್ಕೆ ಕೂರಿಸಿ ಕಟ್ಟುವುದು ಕಣ್ಣುಕಸಿ. ಇದಕ್ಕೆ ಪಳಗಿದ ಕೈ ಬೇಕು, ನರ್ಸರಿ ಬೇಕು, ಕೊಳ್ಳುವವನ ಕೈಯಲ್ಲಿ ಹಣ ಬೇಕು. ಗುಲಾಬಿಯು ಕೊಡುಗೆಯ ವಸ್ತುವಾಗಿದ್ದುದು ಕ್ರಯದ ವಸ್ತುವಾದದ್ದು ಈ ಹಂತದಲ್ಲಿ. ಮನೆದೋಟದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪರಿವರ್ತನೆ ನಮಗೆ ಕಾಣದು.

ಈ ವ್ಯತ್ಯಾಸವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ತಂದು ನೆಟ್ಟ ಕಡುಗೆಂಪು ಗುಲಾಬಿಯೊಂದು ಮೊದಲ ಚಳಿಗಾಲದಲ್ಲಿ ಚೆನ್ನಾಗಿ ಹೂಬಿಟ್ಟು, ಮರುವರ್ಷ ಆಳೆತ್ತರ ಬೆಳೆದು, ಒಂದು ಮೊಗ್ಗನ್ನೂ ಬಿಡದೆ ನಿಂತಿತು. ಬೆಳವಣಿಗೆಗೆ ಸಂತೋಷಪಟ್ಟು ಗೊಬ್ಬರ ಹಾಕುತ್ತಲೇ ಇದ್ದೆವು. ಹೊಸಕೋಟೆಯ ಕಡೆಯ ಹಿರಿಯ ತೋಟಗಾರರೊಬ್ಬರು ನೋಡಿ ನಕ್ಕು, “ಸ್ವಾಮಿ, ನೀವು ಸಾಕ್ತಿರೋದು ಗುಲಾಬಿನಲ್ಲ, ಅದರ ಬೇರನ್ನ” ಎಂದರು. ಕಸಿಯ ಗಂಟಿನ ಕೆಳಗಿನಿಂದ ಎದ್ದ ಬುಡಚಿಗುರು ಮೇಲಿನ ಕೊಂಬೆಯನ್ನು ಕೊಂದಿತ್ತು. ಅಂಥ ಚಿಗುರಿನ ಎಲೆಯಲ್ಲಿ ಸಾಮಾನ್ಯವಾಗಿ ಏಳು ಕಿರುಎಲೆಗಳೂ, ಮೇಲಿನ ತಳಿಯ ಎಲೆಯಲ್ಲಿ ಐದೂ ಇರುತ್ತವೆ. ಎಣಿಸಿ, ಬುಡದಿಂದಲೇ ಕಿತ್ತುಹಾಕಬೇಕು. ಕತ್ತರಿಸಿದರೆ ಇಮ್ಮಡಿಯಾಗಿ ಬರುತ್ತದೆ.

ಕಸಿಯ ಗುಲಾಬಿ ಗೃಹಸ್ಥರ ಮನೆಗೆ ಬರಲು ಎರಡು ಸಂಗತಿಗಳು ಕೂಡಿಬರಬೇಕಾಯಿತು. ಒಂದು, ಲಾಲ್‌ಬಾಗ್. 1799ರ ಅನಂತರ ಕೈಯಿಂದ ಕೈಗೆ ಹೋದ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರನ್ 1874ರಿಂದ 1908ರವರೆಗೆ ಅದರ ಮೇಲ್ವಿಚಾರಕನಾಗಿದ್ದನು. ನಮ್ಮ ಅಡಿಗೆಮನೆಗೆ ಸೀಮೆಬದನೆಯನ್ನು ತಂದವನೂ ಇವನೇ ಎಂದು ಪ್ರಸಿದ್ಧಿ. ಅವನ ತರುವಾಯ ಬಂದ ಜರ್ಮನ್ ತಜ್ಞ ಕ್ರುಂಬಿಗಲ್ 1912ರಲ್ಲಿ ಮೈಸೂರು ತೋಟಗಾರಿಕಾ ಸಂಘವನ್ನು ಕಟ್ಟಿ, ಅರಮನೆಯ ಹೊರಗಿನವರಿಗೂ ತೋಟದ ಹುಚ್ಚು ಹಿಡಿಸಿದರು. ಮರಿಗೌಡರ ಕಾಲದಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾಗಿ ತಾಲ್ಲೂಕುಗಳಿಗೂ ಸಸಿಕ್ಷೇತ್ರಗಳು ಬಂದವು.

ಎರಡನೆಯದು ನೀರು. ಇದನ್ನು ತೋಟದ ಗ್ರಂಥಗಳು ಹೇಳುವುದಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹರಿದುಬರುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ, 1896ರಿಂದ ಕೊಳವೆಯ ಮೂಲಕ ಬೆಂಗಳೂರಿಗೆ ನೀರು ಕೊಟ್ಟರು. 1898ರ ಪ್ಲೇಗಿನ ಅನಂತರ ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದ ಸಂಸಾರಗಳಿಗೆ ಮನೆಯ ಮುಂದೆ ಬಯಲು ದೊರೆಯಿತು. ಕ್ರಮೇಣ ನಲ್ಲಿಯೂ ಬಂತು. ಬಾವಿಯಿಂದ ಸೇದಿ ಗುಲಾಬಿಗೆ ಹೊಯ್ಯುವ ಗೃಹಿಣಿ ಮನೆಯ ಮುಂದೆ ನಾಲ್ಕು ಗಿಡ ಸಾಕಿಯಾಳು. ನಲ್ಲಿಯಿರುವವಳು ನಲವತ್ತನ್ನು ಸಾಕಬಲ್ಲಳು. 1935ರಲ್ಲಿ ಬೆಂಗಳೂರಿನ ಕೆ. ಎಸ್. ಗೋಪಾಲಸ್ವಾಮಿ ಅಯ್ಯಂಗಾರರು ಇಂಗ್ಲಿಷಿನಲ್ಲಿ ಬರೆದ ತೋಟಗಾರಿಕೆಯ ದೊಡ್ಡ ಗ್ರಂಥ ಈ ಬಡಾವಣೆಗಳ ವಾಚಕರನ್ನು ಕಂಡೇ ಹೊರಟಿತೆಂದು ನಮ್ಮ ಭಾವನೆ. ಹೀಗೆ ಅರಳಿದ ನಗರದ ಗುಲಾಬಿಗೆ ದೊಡ್ಡಬಳ್ಳಾಪುರದ ನೀರು ಖರ್ಚಾಯಿತು. ಅದು ಸಾಲದೆ 1933ರಲ್ಲಿ ಅದೇ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಮತ್ತೊಂದು ಕಟ್ಟೆ, ಅದೂ ಸಾಲದೆ 1974ರಲ್ಲಿ ಕಾವೇರಿ.

ಗುಲಾಬಿಯ ಪಂಚಾಂಗವನ್ನೂ ನಗರವೇ ಬರೆದಿದೆ. ಸವರಿದ ಕೊಂಬೆಯಲ್ಲಿ ಆರೇಳು ವಾರಗಳಲ್ಲಿ ಹೂವು ಬರುತ್ತದೆ. ಆಗಸ್ಟ್ 15 ಮತ್ತು ಜನವರಿ 26ರ ಸುಮಾರಿಗೆ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವುದರಿಂದ, ಸ್ಪರ್ಧೆಗೆ ನಿಲ್ಲುವವರು ಜೂನ್ ಕೊನೆಯಲ್ಲಿಯೂ ಡಿಸೆಂಬರ್ ಮೊದಲಲ್ಲಿಯೂ ಕತ್ತರಿ ಹಿಡಿಯುತ್ತಾರೆ. ಹಳ್ಳಿಯ ಲೆಕ್ಕ ಬೇರೆ: ಹಿಂಗಾರು ಹಿಂತೆಗೆಯುವ ಹೊತ್ತಿಗೆ, ದೀಪಾವಳಿಯ ಆಚೀಚೆ ಒಂದು ಸಲ ಸವರಿದರೆ ಚಳಿಗಾಲವೆಲ್ಲ ಹೂವು. ಮನೆಬಳಕೆಗೆ ಈ ಎರಡನೆಯದೇ ಸಾಕು. ಒಣಗಿದ, ರೋಗ ಹತ್ತಿದ, ಒಳಮುಖವಾಗಿ ಬೆಳೆದ ಕೊಂಬೆಗಳನ್ನು ತೆಗೆದು, ಉಳಿದವನ್ನು ಹೊರಮುಖದ ಕಣ್ಣಿನ ಕಾಲಂಗುಲ ಮೇಲೆ ಓರೆಯಾಗಿ ಕತ್ತರಿಸಬೇಕು. ಎಡ್ವರ್ಡ್ ಮತ್ತು ಪನ್ನೀರನ್ನು ಹಗುರವಾಗಿ ಸವರಿದರೆ ಸಾಕು, ಮೊಂಡುಮಾಡಬಾರದು.

ಮಣ್ಣಿನ ವಿಷಯದಲ್ಲಿ ನಾಲ್ಕೂ ತಾಲ್ಲೂಕುಗಳು ಹೆಚ್ಚು ಕಡಿಮೆ ಒಂದೇ. ಕೆಮ್ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ, ಸಾರ ಕಡಿಮೆ. ಒಂದೂವರೆ ಅಡಿ ಚೌಕ, ಅಷ್ಟೇ ಆಳದ ಗುಂಡಿ ತೆಗೆದು, ಕೆಲವು ದಿನ ಬಿಸಿಲಿಗೆ ಬಿಟ್ಟು, ಹಳೆಯ ಕೊಟ್ಟಿಗೆಗೊಬ್ಬರ, ಬೇವಿನಹಿಂಡಿ, ಮೂಳೆಗೊಬ್ಬರ ಬೆರೆಸಿ ತುಂಬಬೇಕು. ಬೇಸಗೆಯಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದ ಕಾಲದಲ್ಲಿ ಅದರಲ್ಲಿ ಎರಡು ಮಂಕರಿ ಹಿತ್ತಲಿಗೂ ಬರುತ್ತಿತ್ತು. ಕೆಮ್ಮಣ್ಣಿಗೆ ಅದು ಹೇಳಿಮಾಡಿಸಿದ ಜೊತೆ. ಕಸಿಯ ಗಂಟು ನೆಲದಿಂದ ಮೇಲಿರಬೇಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದ ಕಡೆ ಗುಲಾಬಿ ನೆಡುವುದು ವ್ಯರ್ಥ. ನೀರನ್ನು ಬುಡಕ್ಕೆ, ಬೆಳಗ್ಗೆ ಕೊಡಬೇಕು. ಮಳೆಗಾಲದಲ್ಲಿ ಎಲೆಗಳು ರಾತ್ರಿಯೆಲ್ಲ ಒದ್ದೆಯಾಗಿದ್ದರೆ ಕಪ್ಪುಚುಕ್ಕೆ, ಚಳಿಗಾಲದ ಒಣಗಾಳಿಯಲ್ಲಿ ಬೂದಿರೋಗ, ಬೇಸಗೆಯಲ್ಲಿ ಥ್ರಿಪ್ಸ್ ಮತ್ತು ಕೆಂಪುನುಸಿ. ಉದುರಿದ ಎಲೆಯನ್ನು ಗುಡಿಸಿ ಸುಡುವುದೂ ಬೇವಿನೆಣ್ಣೆಯ ಸಿಂಪರಣೆಯೂ ಮನೆದೋಟಕ್ಕೆ ಬಹುಮಟ್ಟಿಗೆ ಸಾಕಾಗುತ್ತವೆ. ಹೆಚ್ಚಿನ ವಿವರಕ್ಕೆ ಬಿ. ಪಿ. ಪಾಲರ 1966ರ ಗ್ರಂಥವಿದೆ.

ಈಗ ಈ ತಾಲ್ಲೂಕುಗಳಲ್ಲಿ ಗುಲಾಬಿಯೆಂದರೆ ಹಿತ್ತಲಲ್ಲ, ಪ್ಲಾಸ್ಟಿಕ್ಕಿನ ಹಸಿರುಮನೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದ ಮೇಲೆ ಉದ್ದತೊಟ್ಟಿನ ಹೂವು ಫೆಬ್ರವರಿಯಲ್ಲಿ ಅಲ್ಲಿಂದ ಪರದೇಶಕ್ಕೆ ಹೋಗುತ್ತದೆ. ಬಯಲಿನಲ್ಲಿ ಬೆಳೆಯುವ ಬಟನ್ ಗುಲಾಬಿ ಹಾರಕ್ಕಾಗಿ ಪೇಟೆಗೆ ಹೋಗುತ್ತದೆ. ಅರ್ಕಾವತಿ ಬತ್ತಿದೆ, ಕೊಳವೆಬಾವಿಗಳು ಎಷ್ಟೋ ಕಡೆ ಸಾವಿರ ಅಡಿ ದಾಟಿವೆ, ಹೆಬ್ಬಾಳ–ನಾಗವಾರ ಕಣಿವೆಯಲ್ಲಿ ಸಂಸ್ಕರಿಸಿದ ನಗರದ ಕೊಳಚೆನೀರನ್ನು ದೇವನಹಳ್ಳಿಯ ಕಡೆಯ ಕೆರೆಗಳಿಗೆ ಹಾಯಿಸುತ್ತಿದ್ದಾರೆ. 1896ರಲ್ಲಿ ಹೋದ ನೀರು ಬೇರೆ ರೂಪದಲ್ಲಿ, ಬೇರೆ ಹಾದಿಯಲ್ಲಿ ಹಿಂದಿರುಗಿದೆ ಎನ್ನಬಹುದು. ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ತೋಟಗಾರಿಕಾ ಸಂಶೋಧನ ಸಂಸ್ಥೆಯು ‘ಅರ್ಕಾ ಪರಿಮಳ’ದಂಥ ತಳಿಗಳನ್ನು ಬಿಡುಗಡೆಮಾಡಿದೆ. ತಳಿಗೆ ಇಟ್ಟ ಹೆಸರಿನ ಮೊದಲ ಪದ ಆ ನದಿಯನ್ನು ನೆನಪಿಗೆ ತರುತ್ತದೆ.

ಪನ್ನೀರು ಗುಲಾಬಿಯನ್ನು ಹುಡುಕಿಕೊಂಡು ನಾವು ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಅಲೆದಾಗ, ಹೆಚ್ಚಿನ ಮನೆಗಳಲ್ಲಿ ತೋರಿಸಿದ್ದು ಎಡ್ವರ್ಡನ್ನು ಅಥವಾ ಕುಂಡದ ಕಸಿಗಿಡವನ್ನು. ಒಂದು ಮನೆಯ ಬಚ್ಚಲ ಹಿಂದೆ ಮಾತ್ರ ಮುಳ್ಳು ದಟ್ಟವಾದ, ಮಾಸಲು ಹಸಿರೆಲೆಯ ಹಳೆಯ ಪೊದೆಯೊಂದಿತ್ತು. ಹೂವಿನ ಕಾಲವಲ್ಲದ್ದರಿಂದ ಗುರುತು ಖಚಿತವಾಗಲಿಲ್ಲ. ಮನೆಯ ಅಜ್ಜಿಯವರು ಕೇಳುವ ಮೊದಲೇ ಎರಡು ಕಡ್ಡಿ ಮುರಿದು, ತುದಿಗೆ ಸೆಗಣಿ ಮೆತ್ತಿ ಕೊಟ್ಟರು. ಅವುಗಳಲ್ಲಿ ಒಂದು ಚಿಗುರಿದೆ.